ಯಿಪೇತಾ ಅಂದರೆ ಯಿಪೇತಾ

ಮಾರ್ಚ್ 6, ಶುಕ್ರವಾರ

ಕೆಂಪು ಕಾಳು ಬೆಂದಿದೆ. ಅರೆದು ಸೋಸಬೇಕು, ತೆಂಗಿನ ಹಾಲು ಹಿಂಡಬೇಕು. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಸಿಹಿ... ಬೀದಿಗೆಲ್ಲ ಹಂಚದಿದ್ದರೆ ಬೀದಿಯ ಬಾಯಿ ಮುಚ್ಚದು. ಅಷ್ಟರಲ್ಲಿ ದೋನ್ ಲಿಯೊವಿಹಿಲ್ದೊ ಬಂದ. ಕಬ್ಬಿಣದಂಗಡಿಯವನು. ಚರ್ಚಿನ ಸಮಿತಿಗೂ ಅವನೇ ಅಧ್ಯಕ್ಷ. ಕನ್ನಡಿಯಲ್ಲಿ ತನಗೆ ತಾನೇ ಕೈಮುಗಿಯುವ ಪೈಕಿ.

ಚರ್ಚಿನ ಮಾಡು ಸೋರುತ್ತಿದೆಯಲ್ಲ, ಸಂತ ಇಸಿದ್ರೊನ ಹಬ್ಬಕ್ಕೆ ಲಾಟರಿ ಎತ್ತುತ್ತಾರಂತೆ. ಬಹುಮಾನ — ಯಿಪೇತಾ! ಇವನ ಭಾವಮೈದನೇ ತಂದುಕೊಡುತ್ತಾನಂತೆ.

"ದೋನ್ಯಾ ಫ್ರೆದೆಸ್, ಚೀಟಿ ನೀವು ಮಾರಿದ್ರೆ ಜನ ತಗೋತಾರೆ. ನಾನು ಮಾರಿದ್ರೆ ಅನುಮಾನ ಪಡ್ತಾರೆ."

ಅವನ ಬಾಯಿಂದ ಈ ವರ್ಷ ಬಿದ್ದ ಒಂದೇ ನಿಜ. ಒಪ್ಪಿಕೊಂಡೆ. ಯಿಪೇತಾ ಎಂದರೆ ಸಾಕು, ಈ ಊರಿಗೆ ಜೊಲ್ಲು. ಜೀಪಿನ ಹಾಗೆ ಎತ್ತರದ ಮೈ, ದಪ್ಪ ಚಕ್ರ, ಕಲ್ಲು ಕೆಸರಿಗೆ ಹೆದರದ ಗಾಡಿ. ಕಾರು ಇದ್ದವನು ಬರೀ ಮನುಷ್ಯ, ಯಿಪೇತಾ ಇದ್ದವನು ದೊರೆ. ಮನೆಯ ಮಾಡು ಸೋರಿದರೂ ಸರಿ, ಅಂಗಳದಲ್ಲಿ ಒಂದು ಯಿಪೇತಾ ನಿಂತಿರಬೇಕು. ಥೂ.

ಮಾರ್ಚ್ 14, ಶನಿವಾರ

ಲೋಮಾ ಪ್ರಿಯೇತಾಕ್ಕೆ ಹೋಗಿ ಬಂದೆ, ಹೇಸರಗತ್ತೆಯ ಮೇಲೆ. ಸೊಂಟ ಬಿದ್ದುಹೋಗಿದೆ. ಆ ಗುಡ್ಡಕ್ಕೆ ಯಾವ ಗಾಡಿಯೂ ಹೋಗದು — ಕಲ್ಲು, ಕೊರಕಲು, ನಡುವೆ ಹೊಳೆ. ಕಾಯಿಲೆಯವರನ್ನು ಕೋಲಿಗೆ ಜೋಲಿ ಕಟ್ಟಿ ಹೊತ್ತು ಇಳಿಸುತ್ತಾರೆ. ಹೋದ ವರ್ಷ ಎನೇರಿಯಾಳ ಗಂಡ ಆ ಜೋಲಿಯಲ್ಲೇ, ಹೊಳೆ ದಾಟುವಾಗಲೇ ಪ್ರಾಣ ಬಿಟ್ಟ.

ಎನೇರಿಯಾ ಕಾಫಿ ಕೊಟ್ಟಳು. ಚೀಟಿ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು.

"ಹೊಳೆ ದಾಟುತ್ತಾ ಅದು, ಅಕ್ಕಾ?"

"ಯಿಪೇತಾ ಕಣೇ! ದಾಟದೆ ಏನು?"

"ಆಣೆ?"

"ಆಲ್ತಾಗ್ರಾಸಿಯಾ ಮಾತೆಯಾಣೆ."

ಮನೆಮನೆಯವರೂ ಸೇರಿ ಕೊಂಡರು. ಯಾರ ಹೆಸರಿಗೆ ಬಂದರೂ ಗಾಡಿ ಗುಡ್ಡದ್ದು, ಕಾಯಿಲೆಯವರಿಗೆ ಎಂದು ಮಾತಾಡಿಕೊಂಡರು. ಇಡೀ ಊರಿನಲ್ಲಿ ಬುದ್ಧಿಯಿಂದ ಚೀಟಿ ಕೊಂಡವರು ಇವರಷ್ಟೇ.

ಏಪ್ರಿಲ್ 28, ಮಂಗಳವಾರ

ಬಂತು. ಚರ್ಚಿನ ಮುಂದೆ ನಿಲ್ಲಿಸಿದ್ದಾರೆ. ಬಿಳಿ ಬಣ್ಣ, ಮೂತಿಗೆ ಮದುಮಗಳ ಹಾಗೆ ರಿಬ್ಬನ್ನು. ಚಕ್ರದ ಸುತ್ತ ಕಪ್ಪು ಪ್ಲಾಸ್ಟಿಕ್ಕಿನ ಅಂಚು. ತಲೆಯ ಮೇಲೆ ಎರಡು ಕಂಬಿ — ಯಾವ ಕೆಲಸಕ್ಕೋ, ಬಟ್ಟೆ ಒಣಗಿಸಲಿಕ್ಕೂ ಸಾಲದು. ಊರೆಲ್ಲ ಬಂದು ಸವರಿದ್ದೇ ಸವರಿದ್ದು. ಹಸು ಕೊಳ್ಳುವಾಗ ಹಲ್ಲು ನೋಡುವ ಜನ ಇದರ ಬಣ್ಣ ನೋಡಿ ಹೋದರು.

ನಾನು ಮೆಟ್ಟಿಲು ಗುಡಿಸುತ್ತಿದ್ದೆ. ಪಶುವೈದ್ಯನ ಯಿಪೇತಾದ ಕೆಳಗೆ ನಮ್ಮ ಕೋಳಿಗಳು ತಲೆ ಎತ್ತಿಕೊಂಡೇ ಓಡಾಡುತ್ತವೆ. ಇದರ ಕೆಳಗೆ ಹೊಕ್ಕ ಕೋಳಿ ತಲೆ ಬಗ್ಗಿಸಿತು.

ಪೊರಕೆ ಅಲ್ಲೇ ಬಿಟ್ಟೆ. ಮಂಡಿಯೂರಿ ನೋಡಿದೆ. ಹೊಟ್ಟೆ ನೆಲಕ್ಕೆ ತಾಗುವುದೊಂದು ಬಾಕಿ.

ದೇವರೇ. ಆಣೆ ಇಟ್ಟಿದ್ದೇನೆ.

ಏಪ್ರಿಲ್ 30, ಗುರುವಾರ

ನೂರಿಸ್‌ಗೆ ಫೋನು ಮಾಡಿದೆ. ಚಿಕ್ಕಮ್ಮನ ಮಗಳು, ಸಾಂತಿಯಾಗೊ ಪೇಟೆಯಲ್ಲಿ ಕಾರು ಮಾರುವ ಕೆಲಸ. ಹುಬ್ಬಿಗೆ ಬರೆದಷ್ಟೇ ಬಣ್ಣ ಮಾತಿಗೂ. ಫೋಟೋ ಕಳಿಸಿದೆ. ನಕ್ಕಳು.

"ಡಬ್ಬಿ ಲೆಕ್ಕ ಹಾಕು ಅಕ್ಕಾ. ಇಂಜಿನ್ನಿಗೆ ಒಂದು ಡಬ್ಬಿ, ಜನಕ್ಕೊಂದು, ಸಾಮಾನಿಗೊಂದು. ಮೂರೂ ಬೇರೆಬೇರೆ ಕಂಡ್ರೆ ಸೆಡಾನು. ಜನ, ಸಾಮಾನು ಒಂದೇ ಸೂರಿನಡಿ, ಹಿಂದೊಂದು ಬಾಗಿಲು — ಹ್ಯಾಚ್‌ಬ್ಯಾಕು. ಆ ಸೂರನ್ನೇ ಬಾಲದವರೆಗೂ ಎಳೆದ್ರೆ ವ್ಯಾಗನ್ನು. ಇಡೀ ಗಾಡಿ ಒಂದೇ ಬ್ರೆಡ್ಡಿನ ತರಾ ಇದ್ರೆ ವ್ಯಾನು."

"ಮತ್ತೆ ಇದು?"

"ಹ್ಯಾಚ್‌ಬ್ಯಾಕೇ. ಒಂಚೂರು ಎತ್ತರ ಮಾಡಿ, ಪ್ಲಾಸ್ಟಿಕ್ ಹೊಲಿದಿದ್ದಾರೆ. ಕ್ರಾಸೋವರು ಅಂತೀವಿ. ಕಾರಿನ ಮೂಳೆ, ಯಿಪೇತಾದ ಅಂಗಿ."

"ಅಂದ್ರೆ ಸುಳ್ಳು."

"ಸುಳ್ಳಲ್ಲ ಅಕ್ಕಾ, ಮಾರಾಟ!"

ಚಿಕ್ಕದೋ ದೊಡ್ಡದೋ ಎಂದು ಕೇಳಿದೆ. ಅದಕ್ಕೂ ಒಂದು ನ್ಯಾಯ ಇಲ್ಲವಂತೆ. ಅಮೆರಿಕದವರು ಒಳಗಿನ ಜಾಗ ಅಳೆಯುತ್ತಾರಂತೆ, ಯುರೋಪಿನವರು ಎ, ಬಿ, ಸಿ ಎಂದು ಅಕ್ಷರ ಕೊಡುತ್ತಾರಂತೆ. ಒಂದು ಕಡೆ ಚಿಕ್ಕದೆನಿಸಿದ್ದು ಇನ್ನೊಂದು ಕಡೆ ಮಧ್ಯಮ. ಓದಿದವರ ಹಣೆಬರಹ. ನಮ್ಮ ಹೊಳೆಗೆ ಅಕ್ಷರ ಬರುವುದಿಲ್ಲ. ಅದು ಹೊಟ್ಟೆ ಎಷ್ಟು ಎತ್ತರ ಎಂದಷ್ಟೇ ಕೇಳುತ್ತದೆ.

ಮೇ 4, ಸೋಮವಾರ

ಸಮಿತಿಯಲ್ಲಿ ಹೇಳಿದೆ. ಇದು ಯಿಪೇತಾ ಅಲ್ಲ, ಜನಕ್ಕೆ ತಿಳಿಸಿ ಎಂದೆ.

"ಹಿಂದೆ ಬಾಗಿಲಿದ್ರೆ ಯಿಪೇತಾನೇ," ಎಂದ ಗಂಟೆ ಹೊಡೆಯುವ ತೊರಿಬಿಯೊ.

"ಹಾಗಾದ್ರೆ ನನ್ನ ಕೋಳಿಗೂಡೂ ಯಿಪೇತಾ," ಎಂದೆ.

"ಹತ್ತಿ ಕೂತ್ರೆ ಯಿಪೇತಾ, ಇಳಿದು ಕೂತ್ರೆ ಕಾರು. ನಮ್ಮಪ್ಪ ಹೇಳ್ತಿದ್ದ."

"ಹತ್ತದೆ ಇಳಿಯದೆ ನೆಟ್ಟಗೆ ಕೂತ್ರೆ?"

"ಅದು ಕುರ್ಚಿ!"

ಎಲ್ಲರೂ ನಕ್ಕರು. ನಗಲಿ, ಹಲ್ಲಿಗಾದರೂ ಗಾಳಿ ತಾಗುತ್ತದೆ. ದೋನ್ ಲಿಯೊವಿಹಿಲ್ದೊ ಮಾತ್ರ ನಗಲಿಲ್ಲ. "ಪೋಸ್ಟರಿನಲ್ಲಿ ಯಿಪೇತಾ ಅಂತಿದೆ. ಅದಕ್ಕೇ ಅದು ಯಿಪೇತಾ," ಎಂದ. ಇವನು ಮೊಳೆಯ ಡಬ್ಬಿಗೆ ಬೆಣ್ಣೆ ಎಂದು ಬರೆದರೆ ಊರು ಬ್ರೆಡ್ಡಿಗೆ ಹಚ್ಚಿಕೊಳ್ಳಬೇಕು.

ಫಾದರ್ ಅನ್ಸೆಲ್ಮೊ ನನ್ನನ್ನು ಪಕ್ಕಕ್ಕೆ ಕರೆದರು. "ಸೋರುವ ಮಾಡು ನೆನಪಿರಲಿ, ದೋನ್ಯಾ. ಯಿಪೇತಾ ಅಂದ್ರೇನು ಅಂತ ಧರ್ಮೋಪದೇಶದಲ್ಲಿ ಎಲ್ಲಾದ್ರೂ ಇದೆಯೇನಮ್ಮಾ?"

"ಯಿಪೇತಾ ಇಲ್ಲ ಫಾದರ್. ಸುಳ್ಳಾಣೆ ಇದೆ."

ಕೆಮ್ಮಿದರು. ಹಬ್ಬ ಮುಗಿಯುವವರೆಗೆ ಸುಮ್ಮನಿರಿ, ಇದು ವಿಧೇಯತೆಯ ಪ್ರಶ್ನೆ ಎಂದರು.

ಮೇ 13, ಬುಧವಾರ

ಇಷ್ಟು ದಿನ ಬರೆಯಲಿಲ್ಲ. ಬರೆದರೆ ನಿಜ ಬರೆಯಬೇಕಿತ್ತು.

ಇವತ್ತು ಮತ್ತೆ ಗುಡ್ಡ ಹತ್ತಿದೆ. ಎನೇರಿಯಾಳ ಒಲೆಯ ಮುಂದೆ ಕೂತು ಹೇಳಿಬಿಟ್ಟೆ. ಗಾಡಿ ನೋಡದೆ ಆಣೆ ಇಟ್ಟೆ, ಅದು ಹೊಳೆ ದಾಟದು, ಚೀಟಿ ವಾಪಸು ಕೊಡು ಎಂದೆ. ಅಳುತ್ತಾಳೆ ಅಥವಾ ಕ್ಷಮಿಸುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಕಾಫಿ ಬೀಜ ಹುರಿಯುತ್ತಲೇ ಇದ್ದಳು.

"ಇಲ್ಲಿ ಹೇಳಿದ್ರೆ ನಿನಗೇನು ಖರ್ಚು, ಅಕ್ಕಾ? ನನ್ನ ಅಡುಗೆಮನೇಲಿ ಬೆಕ್ಕು, ನಾನು. ಕೆಳಗೆ ಎಲ್ಲರ ಮುಂದೆ ಹೇಳು, ನೋಡೋಣ."

ದಾರಿಯುದ್ದಕ್ಕೂ ಅವಳನ್ನು ಬೈದುಕೊಂಡು ಇಳಿದೆ. ಹೊಳೆ ದಾಟುವಷ್ಟರಲ್ಲಿ ಬೈಗುಳ ಮುಗಿದುಹೋಯಿತು.

ಮೇ 15, ಶುಕ್ರವಾರ, ಬೆಳಿಗ್ಗೆ

ಹಬ್ಬ. ಗೆದ್ದವರ ಹೆಸರು ಮೈಕಿನಲ್ಲಿ ನಾನೇ ಓದಬೇಕಂತೆ. ನನ್ನ ಬಾಯಲ್ಲಿ ಬಂದರೆ ಜನ ನಂಬುತ್ತಾರಂತೆ. ಓದಬೇಕಾದ ಮಾತನ್ನೂ ಬರೆದುಕೊಟ್ಟಿದ್ದಾನೆ ಪುಣ್ಯಾತ್ಮ: 'ಈ ಭವ್ಯ ಯಿಪೇತಾವನ್ನು ಗೆದ್ದವರು...'

ಕಪ್ಪು ಉಡುಪು ಇಸ್ತ್ರಿ ಮಾಡಿದೆ.

ಅದೇ ದಿನ, ಸಂಜೆ

ಕಪ್ಪು ಉಡುಪು ಹಿಂಡಿ ಹರವಿ ಬಂದು ಕೂತೆ.

ಬಲಿಪೂಜೆ ಮುಗಿಯಿತು. ಚೀಟಿಯ ಡ್ರಮ್ಮು ತಂದಿಟ್ಟರು, ಮೈಕು ಕೊಟ್ಟರು. ಇದು ಯಿಪೇತಾ ಅಲ್ಲ ಎಂದೆ. ಎತ್ತರ ಮಾಡಿದ ಕಾರು, ಹೊಳೆ ದಾಟದು, ನಾನು ನೋಡದೆ ಆಣೆ ಇಟ್ಟು ಮಾರಿದೆ ಎಂದೆ. ಬೇಡದವರು ಚೀಟಿ ಎತ್ತುವ ಮುಂಚೆ ವಾಪಸು ಕೊಡಿ ಎಂದೆ. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಫಾದರ್ ಮೇಲೆ ನೋಡಿದರು. ಮೇಲೆ ದೇವರಿದ್ದನೋ ಸೋರುವ ಮಾಡೋ, ಅವರಿಗೇ ಗೊತ್ತು.

ದೋನ್ ಲಿಯೊವಿಹಿಲ್ದೊ ಕೆಂಪಗಾದ. "ದಾಟಲ್ವಾ? ಬನ್ನಿ ಎಲ್ರೂ ಹೊಳೆಗೆ! ನೀವೂ ಹತ್ತಿ, ದೋನ್ಯಾ. ಪಕ್ಕದಲ್ಲೇ ಕೂತು ನೋಡಿ."

ಹತ್ತಲಿಲ್ಲ, ಇಳಿಯಲೂ ಇಲ್ಲ. ನೆಟ್ಟಗೆ ಕೂತೆ. ರಿಬ್ಬನ್ನು ಪಟಪಟ ಬಡಿಯುತ್ತ ಹೊರಟೆವು. ಊರೇ ಹಿಂದೆ — ನಡೆದು, ಮೋಟಾರುಬೈಕಿನಲ್ಲಿ ಮೂವರು ಮೂವರು ಕೂತು. ಗುಡ್ಡದವರು ಮುಂಚೆಯೇ ಹೋಗಿ ಆಚೆ ದಡದಲ್ಲಿ ನಿಂತಿದ್ದರು. ನೀರು ಮೀನಖಂಡಕ್ಕೂ ಬರುತ್ತಿರಲಿಲ್ಲ.

ಮುಂದಿನ ಚಕ್ರ ಇಳಿಯಿತು. ಕೆಳಗೆ ಬಾಣಲೆ ಕೆರೆದ ಸದ್ದು. ಆಮೇಲೆ ಏನೂ ಇಲ್ಲ. ಹೊಟ್ಟೆ ಬಂಡೆಯ ಮೇಲೆ ಕೂತಿತು, ಚಕ್ರ ಸುಮ್ಮನೆ ತಿರುಗಿತು.

"ಇಳೀರಿ ದೋನ್ಯಾ, ಒಂಚೂರು ತಳ್ಳಿ."

"ಯಿಪೇತಾನ ಯಾರಾದ್ರೂ ತಳ್ತಾರಾ?"

ಆಚೆ ದಡದಲ್ಲಿ ಯಾರೋ ಕಿಸಕ್ಕೆಂದರು. ಮತ್ತೆ ಮತ್ತೆ ಗೇರು ಎಳೆದ. ಸುಟ್ಟ ವಾಸನೆ. ಕೊನೆಗೆ ಬಿಳಿ ಪ್ಯಾಂಟಿನಲ್ಲೇ ನೀರಿಗಿಳಿದು, ಬಾಗಿಲಿಗೆ ಒದ್ದು, ಊರೆಲ್ಲ ಕೇಳುವಂತೆ ಕೂಗಿದ:

"ಈ ದರಿದ್ರ ಕಾರು!"

ಎರಡೂ ದಡದಿಂದ ಎದ್ದ ನಗೆ! ಬೆಟ್ಟದ ಹಕ್ಕಿಗಳೆಲ್ಲ ಹಾರಿಹೋದವು. ಅಲ್ಲಿಯವರೆಗೆ ಅವನ ಬಾಯಲ್ಲಿ ಆ ಪದವೇ ಬಂದಿರಲಿಲ್ಲ.

ಗುಡ್ಡದವರೇ ಜೋಲಿಯ ಕೋಲು ಹಾಕಿ ಎಬ್ಬಿಸಿ ಹಿಂದಕ್ಕೆ ತಳ್ಳಿದರು. ನಾನೂ ನೀರಿಗಿಳಿದು ದಡ ಸೇರಿದ್ದೆ. ಎನೇರಿಯಾ ನನ್ನ ಹತ್ತಿರ ಬಂದಳು. ಹೊಗಳಲಿಲ್ಲ. "ಉಡುಪು ಒದ್ದೆ ಆಗಿದೆ, ಹಿಂಡ್ಕೋ," ಎಂದಳಷ್ಟೆ.

ಮೇ 19, ಮಂಗಳವಾರ

ಗುಡ್ಡದವರು ಚೀಟಿ ವಾಪಸು ಕೊಟ್ಟರು, ದುಡ್ಡು ತೆಗೆದುಕೊಂಡರು. ಊರಿನವರು ಅನೇಕರು ಇಟ್ಟುಕೊಂಡಿದ್ದಾರೆ. ಕಾರಾದರೆ ಕಾರೇ ಸರಿಯಂತೆ, ರಾತ್ರಿ ಕತ್ತಲಲ್ಲಿ ಯಿಪೇತಾದ ಹಾಗೇ ಕಾಣುತ್ತದಂತೆ! ಇವರಿಗೋಸ್ಕರ ನಾಲಿಗೆ ಒಣಗಿಸಿಕೊಂಡೆನೇ?

ಲಾಟರಿ ಮುಂದಿನ ತಿಂಗಳಿಗೆ ಹೋಗಿದೆ. ಮಾಡಿಗೆ ಹಣ ಸಾಲದು. ಫಾದರ್ ತಾವೇ ಬಂದಿದ್ದರು, ವಾಪಸು ಬಂದ ಚೀಟಿ ಹಿಡಿದುಕೊಂಡು. ವಿಧೇಯತೆಯ ಸುದ್ದಿ ಎತ್ತಲಿಲ್ಲ.

"ನೀವೇ ಮಾರಬೇಕು, ದೋನ್ಯಾ. ಪೋಸ್ಟರೂ ನೀವೇ ಬರೀರಿ. ನಿಮ್ಮ ಇಷ್ಟದ ಹಾಗೆ."

ನನ್ನ ಇಷ್ಟವಂತೆ. ಇಷ್ಟದ ಹಾಗೆ ಬರೆದೇ ಅಲ್ಲವೇ ಇಷ್ಟೆಲ್ಲ ಆಗಿದ್ದು. ರಟ್ಟು ತೆಗೆದುಕೊಂಡು ಕೂತಿದ್ದೇನೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ —

ಕಾರು. ಐದು ಬಾಗಿಲು, ಹಿಂದಿನದೂ ಸೇರಿ. ನಾಲ್ವರಿಗೆ ಸರಿ, ಐದನೆಯವರು ಸಣಕಲಾಗಿರಬೇಕು. ಹೊಳೆ ದಾಟದು. ಗುಡ್ಡ ಹತ್ತದು. ಅಡಿಯಲ್ಲಿ ಒಂದು ಗೀರು ಇದೆ, ಬಂಡೆಯದು. ಟಾರು ರಸ್ತೆಯಲ್ಲಿ ಚೆನ್ನಾಗಿ ಓಡುತ್ತದೆ —

ಓಡುತ್ತದೆಯೇ? ನಾನು ನೋಡಿಲ್ಲ. ಆ ಸಾಲು ಹೊಡೆದುಹಾಕಿದೆ. ನಾಳೆ ತೊರಿಬಿಯೊನನ್ನು ಹೊರಡಿಸಿ, ಪಕ್ಕದಲ್ಲಿ ಕೂತು, ಪೇಟೆಯವರೆಗೆ ಹೋಗಿ ನೋಡುತ್ತೇನೆ. ಆಮೇಲೆ ಬರೆಯುತ್ತೇನೆ.