ಮಸ್ಕತ್ತಿನಿಂದ ಬಂದ ಆಜ್ಞೆಗಳು

ಮಣಿಪಾಲ,
೧೩ ಅಕ್ಟೋಬರ್ ೨೦೨೫

ಕ್ಲಾಯ್ಡ್ ಅಣ್ಣನಿಗೆ,

ಪ್ರೀತಿಯ ಅಂತ ಬರೆಯಲು ಹೊರಟೆ, ಕೈ ಬರಲಿಲ್ಲ. ನಿನ್ನ ಸೊಂಟನೋವು ಹೇಗುಂಟು? ಕಾರ್ಕಳದಲ್ಲಿ ಮಮ್ಮಿಯ ಆರೋಗ್ಯಕ್ಕೇನೂ ತೊಂದರೆಯಿಲ್ಲ. ನಾನು ಮಾತ್ರ ಆರಾಮಿಲ್ಲ, ಅದಕ್ಕೆ ಕಾರಣ ನೀನು. ಫೋನಿನಲ್ಲಾದರೆ ಮಧ್ಯೆ ಬಾಯಿ ಹಾಕುತ್ತೀಯ. ರಜೆಗೆ ಬಂದಿದ್ದ ನಿನ್ನ ದೋಸ್ತಿ ಲೆಸ್ಟರ್ ನಾಳೆ ಮಸ್ಕತ್ತಿಗೆ ಹೊರಡುತ್ತಾನೆ. ನಿನ್ನ ಉಪ್ಪಿನಕಾಯಿ ಬಾಟ್ಲಿಯ ಜೊತೆ ಈ ಕಾಗದವನ್ನೂ ಕೊಡುತ್ತಿದ್ದೇನೆ. ಪೂರ್ತಿ ಓದು.

ನರ್ಸಿಂಗ್ ಮುಗಿಸಿ ನಾನಿಲ್ಲಿ ಜರ್ಮನ್ ಕಲಿಯುತ್ತಿರುವುದು ಜರ್ಮನಿಯ ಆಸ್ಪತ್ರೆ ಕೆಲಸಕ್ಕೆ. ಪರೀಕ್ಷೆ ಮುಂದಿನ ತಿಂಗಳು. ಕಳೆದ ವಾರ ಪ್ಯಾಟ್ರಿಶಿಯಾ ಮೇಡಂ ಆಜ್ಞೆ, ವಿನಂತಿಗಳ ಪಾಠ ಮಾಡಿದರು. ಮನೆಯವರಿಗೆ ‘ಕೊಮ್’, ಬಾ ಅಂದರೆ ಸಾಕಂತೆ; ಹೊರಗಿನವರಿಗೆ ‘ಕೊಮ್ಮೆನ್ ಝೀ ಬಿಟ್ಟೆ’, ದಯವಿಟ್ಟು ಬನ್ನಿ. ಇನ್ನೂ ಮೆತ್ತಗೆ ಕೇಳಬೇಕಾದರೆ ‘ಕ್ಯೊನ್ಟೆನ್ ಝೀ’ ಅಂತ ಶುರು ಮಾಡಬೇಕು, ನಮ್ಮಲ್ಲಿ “ಸ್ವಲ್ಪ ಬರ್ಲಿಕ್ಕೆ ಆಗ್ತದಾ” ಅನ್ನುವ ಹಾಗೆ. ಮನೆಯಲ್ಲಿ ಕೇಳುವ ಆಜ್ಞೆಗಳನ್ನು ಜರ್ಮನ್‌ನಲ್ಲಿ ಬೋರ್ಡಿನ ಮೇಲೆ ಬರೆಯಿರಿ ಅಂದರು. ನಾನು ನಿನ್ನ ವಾಯ್ಸ್ ಮೆಸೇಜುಗಳನ್ನೇ ಬರೆದೆ. ಕ್ಲಾಸು ಬಿಡು. ಮನೆಗೆ ಹೋಗು. ಕಾರ್ಲ್ಟನ್‌ನನ್ನು ಮದುವೆಯಾಗು. ಬಾಯಿ ಮುಚ್ಚು. “ಎಂತ ಮಾರಾಯ್ತಿ, ಇವರು ಮಿಲಿಟರಿಯಾ?” ಅಂದರು ಮೇಡಂ. ಅಲ್ಲ, ಮಸ್ಕತ್ತಿನಲ್ಲಿ ಸೂಪರ್‌ವೈಸರ್, ನನ್ನ ಅಣ್ಣ ಅಂದೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ನನಗೆ ಮೈಯೆಲ್ಲ ಉರಿಯಿತು.

ಆಮೇಲೆ ಅವನ್ನೆಲ್ಲ ವಿನಂತಿಯಾಗಿ ಬದಲಿಸಲು ಹೇಳಿದರು. ಬದಲಿಸಿ ಎರಡೆರಡು ಸಲ ಓದಿದೆ. ಹೀಗೆ ನೀನು ಒಮ್ಮೆ ಕೇಳಿದ್ದರೂ ನಾನು ಬೇಡ ಅಂತಲೇ ಹೇಳುತ್ತಿದ್ದೆ, ಆದರೆ ನಿನ್ನ ಮೇಲೆ ಇಷ್ಟು ಹಗೆ ಬರುತ್ತಿರಲಿಲ್ಲ. ಕುರಿಯನ್ನು ಕೇಳಿ ಮಸಾಲೆ ಅರೆಯುತ್ತಾರಾ ಅಂತಾರಲ್ಲ, ಡ್ಯಾಡಿ ಹೋದ ಮೇಲೆ ನಿನಗೆ ನಾನು ಆ ಕುರಿ. ನಿನ್ನ ರೂಮ್‌ಮೇಟ್ ಕಾರ್ಲ್ಟನ್ ಒಳ್ಳೆಯವನೇ ಇರಬಹುದು. ನಿನ್ನ ಜೊತೆ ಒಂದೇ ರೂಮಿನಲ್ಲಿ ಬಾಳಿದ್ದಾನೆ ಅಂದರೆ ತಾಳ್ಮೆಯಂತೂ ಉಂಟು. ಆದರೆ ಅವನನ್ನು ಕಟ್ಟಿಕೊಂಡು ಮಸ್ಕತ್ತಿನ ಅಡುಗೆಮನೆಯಲ್ಲಿ ಕೂರಲಿಕ್ಕೆ ನಾನು ಓದಿದ್ದಲ್ಲ.

ದೇವರು ನಿನಗೆ ಆರೋಗ್ಯ ಕೊಡಲಿ. ಅದಕ್ಕಿಂತ ಮೊದಲು ಬುದ್ಧಿ ಕೊಡಲಿ.

ಇನ್ನೂ ನಿನ್ನ ತಂಗಿಯೇ ಆಗಿರುವ,
ವನೆಸ್ಸಾ

ತಾ.ಕ.: ವನೆಸ್ಸಾ ಒಪ್ಪಿದ್ದಾಳೆ ಅಂತ ನೀನು ಮಮ್ಮಿಗೆ ಸುಳ್ಳು ಹೇಳಿದೆ. ಪಾಪ, ನಂಬಿ ಇಗರ್ಜಿಯಲ್ಲಿ ಮದುವೆಗೆ ಹೆಸರು ಕೊಟ್ಟುಬಿಟ್ಟರು. ನಿನ್ನೆ ಭಾನುವಾರ ನಾನು ಊರಿಗೆ ಹೋಗಿದ್ದೆ. ಪೂಜೆಯ ಕೊನೆಗೆ ಫಾದರ್ ನನ್ನ ಮತ್ತು ಕಾರ್ಲ್ಟನ್‌ನ ಮದುವೆಯ ಪ್ರಕಟಣೆ ಓದಿದರು, ಮೂರು ಭಾನುವಾರಗಳಲ್ಲಿ ಮೊದಲನೆಯದು. ಅಡ್ಡಿ ಏನಾದರೂ ಗೊತ್ತಿದ್ದವರು ತಿಳಿಸಬೇಕು ಎಂದರು. ಆ ಮಾತಿಗೆ ನಮ್ಮಲ್ಲಿ ಯಾರೂ ತಲೆಯನ್ನೂ ಎತ್ತುವುದಿಲ್ಲ, ಅಲ್ವಾ? ನಾನು ಎದ್ದು ನಿಂತೆ. ಮಮ್ಮಿ ನನ್ನ ಶಾಲು ಹಿಡಿದು ಎಳೆದರು. “ನನಗೆ ಗೊತ್ತುಂಟು ಫಾದರ್, ಹುಡುಗಿ ಒಪ್ಪಲಿಲ್ಲ” ಅಂದೆ. ನಿನಗೆ ಫೋನ್ ಮಾಡಲು ಮಮ್ಮಿಗೆ ಇನ್ನೂ ಧೈರ್ಯ ಬಂದಿಲ್ಲ. ಕಾರ್ಲ್ಟನ್‌ಗೆ ನೀನೇ ಹೇಳು.