ಮೂರನೇ ನಂಬರಿನ ಬಾಗಿಲು

ಜೂನ್ 11, ಬುಧವಾರ

ರುಸೈಲ್ ರೌಂಡು ಮುಗಿಯಿತು. ಗೋಡೌನುಗಳ ಮೇಲಕ್ಕೇರುವ ಮೋಟರ್ ಬಾಗಿಲು, ಏಳು ಸರ್ವಿಸ್. ಟ್ರ್ಯಾಕಿಗೆ ಗ್ರೀಸ್ ಹಾಕಬೇಡಿ ಅಂತ ಹೇಳಿ ಹೇಳಿ ಬಾಯಿ ಒಣಗಿತು, ಇವತ್ತೂ ಒಂದು ಕಡೆ ಬಳಿದಿಟ್ಟಿದ್ದರು. ಈ ಊರಿನ ಮರಳಿಗೆ ಗ್ರೀಸ್ ಸಿಕ್ಕಿದರೆ ಸಾಕು, ಅದು ಮರಳುಕಾಗದವೇ. ಕೂತು ಕೆರೆದು ತೆಗೆದೆ. ಅರ್ಧ ಗಂಟೆ ದಂಡ.

ಕೊನೆಗೆ ವಿಕ್ಟರ್‌ನ ಕೋಲ್ಡ್ ಸ್ಟೋರ್. ಫ್ರೋಝನ್ ಕೋಳಿ, ಮೀನು. ಮೂರನೇ ನಂಬರಿನ ಬಾಗಿಲು. ಮೋಟರ್ ಬಿಡಿಸಿ ಕೈಯಲ್ಲೇ ಸೊಂಟದ ಮಟ್ಟಕ್ಕೆ ಎತ್ತಿ ಬಿಟ್ಟೆ. ಸರಿ ಇರುವ ಬಾಗಿಲು ಅಲ್ಲೇ ನಿಲ್ಲಬೇಕು. ಇದು ಮೆಲ್ಲ ಇಳಿಯಿತು. ಎರಡು ಸಲ ನೋಡಿದೆ, ಎರಡು ಸಲವೂ ಇಳಿಯಿತು. ಸ್ಪ್ರಿಂಗಿಗೆ ಸುಸ್ತಾಗಿದೆ. ಮುನ್ನೂರು ಕಿಲೋ ಬಾಗಿಲನ್ನು ಹೊರುವುದು ಮೇಲಿನ ಆ ಸ್ಪ್ರಿಂಗು, ಮೋಟರ್ ಅಲ್ಲ. ಅದು ತುಂಡಾದರೆ ಬಾಗಿಲು ಬೀಳುತ್ತದೆ. ಅಷ್ಟೇ ಲೆಕ್ಕ.

ಹೊರಡುವಾಗ ಒಂದು ಗಂಟೆ. ಕೆಲಸದವರಿಗೆ ಹನ್ನೆರಡೂವರೆಯಿಂದ ಬಿಸಿಲಿನ ಬ್ರೇಕ್. ತಿರುಗಿ ನೋಡಿದರೆ ಅದೇ ಬಾಗಿಲನ್ನು ಎರಡಡಿ ಎತ್ತಿಟ್ಟು, ಕೆಳಗೆ ರಟ್ಟು ಹಾಸಿ ನಾಲ್ಕು ಜನ ಅಡ್ಡ ಮಲಗಿದ್ದಾರೆ. ಒಳಗಿನ ತಂಪು ಆ ಸಂದಿನಲ್ಲಿ ಹೊರಗೆ ಬರುತ್ತದಲ್ಲ, ಅದಕ್ಕೆ. ಅಡ್ಡ ಯಾರಾದರೂ ಇದ್ದರೆ ಬಾಗಿಲನ್ನು ತಡೆಯಲಿಕ್ಕೆ ಅಂತ ಎರಡು ಸೆನ್ಸರ್ ಕಣ್ಣು ಇಟ್ಟದ್ದು ನಾನೇ. ಎರಡನ್ನೂ ಕಿತ್ತು, ಎದುರುಬದುರು ಮಾಡಿ, ಟೇಪ್ ಸುತ್ತಿ ಮೇಲೆ ಕಟ್ಟಿದ್ದಾರೆ, ಅಡ್ಡ ಯಾರೂ ಇಲ್ಲ ಅಂತ ಮೋಟರ್ ನಂಬಲಿಕ್ಕೆ. ಒಂದನ್ನೊಂದು ನೋಡಿಕೊಂಡು ಕೂತಿವೆ, ಹೊಸ ಮದುಮಕ್ಕಳ ಹಾಗೆ.

ಬೊಬ್ಬೆ ಹೊಡೆದು ಎಬ್ಬಿಸಿದೆ. ಫೋರ್ಕ್‌ಲಿಫ್ಟಿನ ಸಿದ್ದೀಕ್ ಕಣ್ಣುಜ್ಜಿಕೊಂಡು, “ಎಂತ ಭೋಜಣ್ಣ, ಒಂದು ನಿದ್ದೆಗೂ ಕಲ್ಲು ಹಾಕ್ತೀರಾ” ಅಂದ. ಉಪ್ಪಿನಂಗಡಿಯವನು. ಮಾತಿಗೆ ಕಮ್ಮಿ ಇಲ್ಲ.

ಸರ್ವಿಸ್ ಶೀಟಿಗೆ ಸೈನ್ ಹಾಕಲಿಲ್ಲ.

ಜೂನ್ 12, ಗುರುವಾರ

ರೂವಿಯ ನಮ್ಮ ಆಫೀಸು. ಹಳೆ ಫೈಲ್ ತೆಗೆದೆ. ಆ ಬಾಗಿಲು ಕೂರಿಸಿದ್ದು ಕಳೆದ ವರ್ಷ ಮೇ. ಆರ್ಡರ್ ಫಾರಂ — ದಿನಕ್ಕೆ ಎಷ್ಟು ಸಲ ತೆರೆಯುತ್ತದೆ: 20. ಸ್ಪ್ರಿಂಗ್: ಇಪ್ಪತ್ತೈದು ಸಾವಿರ ಸಲದ್ದು. ಬೀಳುವ ಬಾಗಿಲನ್ನು ಹಿಡಿಯುವ ಬ್ರೇಕ್: ಬೇಡ.

ಅಕ್ಷರ ನನ್ನದೇ.

ಆ ದಿನ ಚೆನ್ನಾಗಿ ನೆನಪುಂಟು. ವಿಕ್ಟರ್ ಕಿನ್ನಿಗೋಳಿಯವನು ಅಂತ ಗೊತ್ತಾಯಿತು. ಚಾ ಬಂತು, ಅವನ ಅಕ್ಕ ಕಳಿಸಿದ ಗುಳಿಯಪ್ಪ ಬಂತು, ಊರಿನ ಪಂಚಾತಿಗೆ ಬಂತು. “ಇಪ್ಪತ್ತು ಸಲ ಇರಬಹುದು ಭೋಜರಾಜ್” ಅಂದ. ಊರಿನವನ ಮಾತು ಅಂತ ಬರೆದುಕೊಂಡೆ. ಬೇರೆಯವರ ಕಡೆಯಾದರೆ ಬಾಗಿಲಿನ ಹತ್ತಿರ ಒಂದು ದಿನ ನಿಂತು ಎಣಿಸುತ್ತಿದ್ದೆ. ಬಟನ್ ಒತ್ತುವವನನ್ನು ಕೇಳುತ್ತಿದ್ದೆ. ಅವತ್ತು ಕುರ್ಚಿಯಲ್ಲಿ ಕೂತವನನ್ನು ಕೇಳಿ ಬಂದೆ.

ಜೂನ್ 15, ಭಾನುವಾರ

ಬೆಳಿಗ್ಗೆ ಆರಕ್ಕೇ ಹೋಗಿ ಬಾಗಿಲು ಎಷ್ಟು ಸಲ ತೆರೆಯುತ್ತದೆ ಅಂತ ಎಣಿಸುವ ಕೌಂಟರ್ ಕೂರಿಸಿದೆ. ಕಣ್ಣುಗಳನ್ನು ಬಿಡಿಸಿ ಸ್ವಸ್ಥಾನಕ್ಕೆ ಹಾಕಿದೆ. ಸ್ಕ್ರೂ ಬದಲು ರಿವೆಟ್. ಈಗ ಕೀಳಲಿ ನೋಡುವ.

ಜೂನ್ 17, ಮಂಗಳವಾರ

ಎರಡು ದಿನಕ್ಕೆ 163.

ದಿನಕ್ಕೆ ಎಂಬತ್ತು ಅಂತ ಹಿಡಿ. ತಿಂಗಳಿಗೆ ಇಪ್ಪತ್ತಾರು ದಿನ. ಹದಿಮೂರು ತಿಂಗಳು. ಮೂರು ಸಲ ಗುಣಿಸಿದೆ. ಇಪ್ಪತ್ತೇಳು ಸಾವಿರ. ಸ್ಪ್ರಿಂಗಿನ ಆಯುಷ್ಯ ಮುಗಿದು ತಿಂಗಳಾಯಿತು. ಈಗ ಓಡುತ್ತಾ ಇರುವುದು ದೇವರ ಪುಣ್ಯದಲ್ಲಿ.

ಹೆದರಿಕೆಯಾಗಿದೆ ಅಂತ ಬರೆಯಲಿಕ್ಕೆ ನಾಚಿಕೆ ಎಂತದು. ಹೆದರಿಕೆಯಾಗಿದೆ.

ಜೂನ್ 18, ಬುಧವಾರ

ವಿಕ್ಟರ್‌ನ ಹತ್ತಿರ ಹೇಳಿದೆ. ಲಕ್ಷ ಸಲದ ಸ್ಪ್ರಿಂಗ್ ಬೇಕು, ಜೊತೆಗೆ ಬ್ರೇಕ್. ಸಾಮಾನು ದುಬೈಯಿಂದ ಬರಬೇಕು. ಅಲ್ಲಿವರೆಗೆ ಮೂರನೇ ಬಾಗಿಲು ಬಂದ್.

“ಬಂದಾ? ಹೊಸ ಸೂಪರ್‌ಮಾರ್ಕೆಟಿನ ಲೋಡೆಲ್ಲ ಅದರಲ್ಲೇ ಹೋಗುದು ಮಾರಾಯ. ಜುಲೈ ಕಳೀಲಿ. ನೀನು ಶೀಟಿಗೆ ಸೈನ್ ಹಾಕು, ನಂಗೆ ಇನ್ಶೂರೆನ್ಸಿಗೆ ಕಳಿಸ್ಲಿಕ್ಕುಂಟು.”

“ಹಾಕುದಿಲ್ಲ.”

ಹತ್ತು ನಿಮಿಷದಲ್ಲಿ ನಮ್ಮ ಬಾಸ್ ಮಹ್ರೂಫ್‌ನ ಫೋನ್. ಕೆಟ್ಟವನಲ್ಲ ಅವನು. ಹದಿನೈದು ವರ್ಷದ ಹಿಂದೆ ಒಂದೇ ರೂಮಿನಲ್ಲಿ ಒಂದೇ ಬಟ್ಟಲಲ್ಲಿ ಉಂಡವರು ನಾವು. “ಭೋಜಣ್ಣ, ಹಳೇ ಕಸ್ಟಮರ್. ಸೈನ್ ಹಾಕಿ ಖಲಾಸ್ ಮಾಡಿ” ಅಂದ. ಆಮೇಲೆ ಸ್ವಲ್ಪ ತಡೆದು, “ಆಗಸ್ಟಿಗೆ ನಿಮ್ಮ ವೀಸಾ ರಿನ್ಯೂ ಉಂಟಲ್ಲ” ಅಂದ. ಸುಮ್ಮನೆ ನೆನಪಿಸಿದ್ದಂತೆ.

ನಾನೂ ನೆನಪಿಸಿದೆ. ಶೀಟ್ ನನ್ನ ಹತ್ತಿರ ಉಂಟು. ಸ್ಪ್ರಿಂಗ್ ಬರಲಿ, ಸೈನ್ ಬರುತ್ತದೆ.

ಜೂನ್ 19, ಗುರುವಾರ

ಮಧ್ಯಾಹ್ನ ಊಟ ಬಿಟ್ಟು ರುಸೈಲಿಗೆ ಹೋದೆ. ಮಲಗಿದ್ದರು. ಅದೇ ನಾಲ್ಕು ಜನ, ಅದೇ ರಟ್ಟು. ಬಾಗಿಲು ಎತ್ತಿಟ್ಟು ಮೋಟರಿನ ಸ್ವಿಚ್ಚೇ ಆಫ್ ಮಾಡಿದ್ದಾರೆ. ಕಣ್ಣು ಇದ್ದರೆಷ್ಟು, ಬಿಟ್ಟರೆಷ್ಟು.

ತಲೆ ಕೆಟ್ಟುಹೋಯಿತು. ನಿಮ್ಮ ಹೆಂಡತಿ ಮಕ್ಕಳಿಗೆ ಫೋನ್ ಮಾಡುವವನು ನಾನಲ್ಲ, ಸಾಯುದಾದ್ರೆ ಬೇರೆ ಕಡೆ ಸಾಯಿರಿ ಅಂತೆಲ್ಲ ಹೇಳಿದೆ. ಸಿದ್ದೀಕ್ ಎದ್ದು ಕೂತ. ಸಿಟ್ಟು ಮಾಡಲಿಲ್ಲ. “ಬನ್ನಿ ಭೋಜಣ್ಣ” ಅಂತ ಹಿಂದಿನ ರೆಸ್ಟ್ ರೂಮಿಗೆ ಕರೆದುಕೊಂಡು ಹೋದ. ತಗಡಿನ ಪೋರ್ಟಾಕ್ಯಾಬಿನ್. ಬಾಗಿಲು ತೆರೆದದ್ದೇ ಮುಖಕ್ಕೆ ಒಲೆಯ ಹಬೆ ಹೊಡೆದ ಹಾಗಾಯಿತು.

“ಎಸಿ ಹೋಗಿ ಎರಡು ತಿಂಗಳು. ನಾಲ್ಕು ಸಲ ಹೇಳಿಯಾಯ್ತು. ಈಗ ಹೇಳಿ, ಎಲ್ಲಿ ಮಲಗುದು?”

ನಾನು ಬಾಗಿಲಿನವನು, ಬಾಗಿಲು ಮಾತ್ರ ನೋಡಿದೆ.

ಜೂನ್ 20, ಶುಕ್ರವಾರ

ರಜೆ. ಆದರೂ ಹೋದೆ. ಎಸಿ ಬಿಚ್ಚಿದೆ. ಕೆಪಾಸಿಟರಿನ ಡಬ್ಬಿ ಉಬ್ಬಿಹೋಗಿತ್ತು, ಹಿಂದಿನ ಜಾಳಿಯಲ್ಲಿ ಪಾರಿವಾಳದ ಗೂಡು. ಮೂರು ಗಂಟೆ ಕೆಲಸ. ತಂಪು ಬಂತು. ಎರಡು ತಿಂಗಳು ನಾಲ್ಕು ಜನ ಸಾವಿನ ಕೆಳಗೆ ಮಲಗಿದ್ದು ಇಷ್ಟು ಸಣ್ಣ ಡಬ್ಬಿಗೆ.

ಗುಬ್ರಾದ ಮನೆಗೆ ಬಂದಾಗ ಲೋಲಾಕ್ಷಿ ಬಾಗಿಲು ತೆಗೆದದ್ದೇ, “ನನ್ನನ್ನು ಕಟ್ಟಿಕೊಂಡದ್ದಾ, ಆ ಮೂರನೇ ನಂಬರನ್ನಾ?” ಅಂದಳು. ಎಲ್ಲ ಹೇಳಿದೆ. ಫಾರಂ ವಿಷಯವೂ. ಆಮೇಲೆ ಅನ್ನ ಬಡಿಸುತ್ತಾ, “ಸಮೀಕ್ಷಾಳದ್ದು ಹತ್ತನೇ ಕ್ಲಾಸ್ ಈ ವರ್ಷ” ಅಂತ ಮಾತ್ರ ಹೇಳಿದಳು. ಮಗಳ ಶಾಲೆ, ಆಗಸ್ಟಿನ ವೀಸಾ. ಗೊತ್ತುಂಟು ನನಗೆ.

ಜೂನ್ 24, ಮಂಗಳವಾರ

ಇನ್ಶೂರೆನ್ಸಿನವರು ಶೀಟ್ ಕೇಳಿದರಂತೆ. ವಿಕ್ಟರ್ ಒಪ್ಪಿದ. ಸ್ಪ್ರಿಂಗ್, ಬ್ರೇಕ್ ಎರಡಕ್ಕೂ ಆರ್ಡರ್ ಹೋಯಿತು. ಆರು ದಿನ.

ಆದರೆ ಬಾಗಿಲು ಬಂದ್ ಮಾಡಲಿಕ್ಕೆ ಒಪ್ಪುವುದಿಲ್ಲ. ಜಗಳಾಡಿ ಜಗಳಾಡಿ ಇಷ್ಟಕ್ಕೆ ತಂದೆ — ಫೋರ್ಕ್‌ಲಿಫ್ಟ್ ಬಿಟ್ಟು ಯಾರೂ ನಡೆದು ದಾಟುವ ಹಾಗಿಲ್ಲ. ಫೋರ್ಕ್‌ಲಿಫ್ಟಿನ ತಲೆ ಮೇಲೆ ಕಬ್ಬಿಣದ ಗಾರ್ಡ್ ಉಂಟು. ಹನ್ನೆರಡೂವರೆಗೆ ಬಾಗಿಲು ಪೂರ್ತಿ ಕೆಳಗೆ, ಬೀಗ. ಕೀ ವಿಕ್ಟರ್‌ನ ಹತ್ತಿರ ಅಲ್ಲ, ಸಿದ್ದೀಕ್‌ನ ಹತ್ತಿರ.

ಸಿದ್ದೀಕ್ ಕೀಯನ್ನು ಕಿಸೆಗೆ ಹಾಕಿ, “ಇಷ್ಟು ವರ್ಷದಲ್ಲಿ ನನ್ನ ಕೈಗೆ ಒಂದು ಕೀ ಅಂತ ಬಂದದ್ದು ಇದೇ ಫಸ್ಟ್” ಅಂದ.

ಜೂನ್ 29, ಭಾನುವಾರ, ಮಧ್ಯಾಹ್ನ 2.15

ಈಗಷ್ಟೇ ಸಿದ್ದೀಕ್‌ನ ಫೋನ್. ಸೀಬ್‌ನಲ್ಲಿ ಇನ್ನೊಂದು ಬಾಗಿಲಿನ ಕೆಲಸಕ್ಕೆ ಏಣಿ ಮೇಲಿದ್ದೆ, ಇಳಿದು ವ್ಯಾನಿನಲ್ಲಿ ಕೂತು ಬರೆಯುತ್ತಾ ಇದ್ದೇನೆ.

1.40ಕ್ಕೆ ಸ್ಪ್ರಿಂಗ್ ತುಂಡಾಯಿತು. ತನ್ನಷ್ಟಕ್ಕೆ. ಯಾರೂ ಮುಟ್ಟಿದ್ದಲ್ಲ. ಬಾಗಿಲು ಪೂರ್ತಿ ಕೆಳಗಿತ್ತು, ಬೀಗ ಹಾಕಿತ್ತು, ಬೀಳಲಿಕ್ಕೆ ಜಾಗವೇ ಇರಲಿಲ್ಲ. ಶಬ್ದ ಮಾತ್ರ. ಗ್ಯಾಸ್ ಸಿಲಿಂಡರ್ ಒಡೆಯಿತು ಅಂತ ಗ್ರಹಿಸಿ ಎಲ್ಲರೂ ರೆಸ್ಟ್ ರೂಮಿನಿಂದ ಹೊರಗೆ ಓಡಿದರಂತೆ.

ನಾಲ್ಕೂ ಜನ? ಅಂತ ಕೇಳಿದೆ.

“ನಾಲ್ಕೂ ಜನ ಭೋಜಣ್ಣ. ಎಸಿ ಕೆಳಗೇ ಇದ್ದದ್ದು.” ಆಮೇಲೆ ಮೆಲ್ಲ ಹೇಳಿದ. “1.40 ಅಂದ್ರೆ ನಮಗೆ ಒಳ್ಳೆ ನಿದ್ದೆಯ ಹೊತ್ತು.”

ಅತ್ತುಬಿಟ್ಟೆ. ಬರೆದರೆ ಎಂತ, ಇಲ್ಲಿ ಯಾರು ನೋಡುತ್ತಾರೆ. ವ್ಯಾನಿನ ಗ್ಲಾಸ್ ಏರಿಸಿ ಅತ್ತೆ.

ಜುಲೈ 1, ಮಂಗಳವಾರ, ಸಂಜೆ 6

ಹೊಸ ಸ್ಪ್ರಿಂಗ್ ಕೂತಿತು. ಬ್ರೇಕ್ ಕೂತಿತು. ಸೊಂಟದ ಮಟ್ಟಕ್ಕೆ ಎತ್ತಿ ಬಿಟ್ಟೆ. ನಿಂತಿತು. ಕೌಂಟರನ್ನು ಸೊನ್ನೆಗೆ ತಿರುಗಿಸಿ ಮೊದಲ ಬಟನ್ ಸಿದ್ದೀಕ್‌ನ ಹತ್ತಿರ ಒತ್ತಿಸಿದೆ.

ಈಗ ಶೀಟ್. ಮಹ್ರೂಫ್ ಬೆಳಿಗ್ಗೆಯೇ ಹೇಳಿದ್ದಾನೆ. “ಕಾರಣ ಅಂತ ಇರುವಲ್ಲಿ ಕಸ್ಟಮರ್ ಅತಿ ಬಳಕೆ ಅಂತ ಬರೀರಿ. ಸುಳ್ಳೇನೂ ಅಲ್ಲವಲ್ಲ. ಬಾಗಿಲು ಹೋದರೆ ಇನ್ನೊಂದು ಹಾಕುವ, ಕಂಪನಿ ಹೆಸರು ಹೋದ್ರೆ ನೀವೂ ಇಲ್ಲ, ನಾನೂ ಇಲ್ಲ.” ಸುಳ್ಳಲ್ಲ, ಸರಿ. ಕುಣಿಯಲಾರದವಳು ನೆಲ ಡೊಂಕು ಅಂದದ್ದೂ ಸುಳ್ಳಲ್ಲ, ನೆಲ ಸ್ವಲ್ಪ ಡೊಂಕು ಇದ್ದಿರಬಹುದು. ಆದರೆ ಹಾಗೆ ಬರೆದರೆ ಮುಂದಿನ ಗೋಡೌನಿನಲ್ಲಿ ನಮ್ಮವನೇ ಇನ್ನೊಬ್ಬ ಚಾ ಕುಡಿದು, ಇಪ್ಪತ್ತು ಅಂತ ಬರೆದು ಬರುತ್ತಾನೆ.

ಲೋಲಾಕ್ಷಿಗೆ ಫೋನ್ ಮಾಡಿ ಕೇಳಿದೆ. “ಬರೆಯುದಾದ್ರೆ ನೆಟ್ಟಗೆ ಬರೀರಿ. ಮತ್ತೆ ರಾತ್ರಿ ಹೊರಳಾಡುದು ಬೇಡ” ಅಂದಳು.

ಶೀಟಿನಲ್ಲಿ ಹಾಕುವ ಮೊದಲು ಇಲ್ಲಿ ಬರೆದು ನೋಡುತ್ತೇನೆ.

ದೋಷ: ಸ್ಪ್ರಿಂಗ್ ತುಂಡು.

ಕಾರಣ: ತಪ್ಪು ಆಯ್ಕೆ. ಬಳಕೆ ಎಣಿಸದೆ ಆರ್ಡರ್ ಮಾಡಿದ್ದು. ಬ್ರೇಕ್ ಬಿಟ್ಟದ್ದು.

ಆಯ್ಕೆ ಮಾಡಿದವನು: ಭೋಜರಾಜ, ಟೆಕ್ನಿಷಿಯನ್.

ಓದಿದೆ. ಸರಿ ಉಂಟು. ಇದನ್ನೇ ಹಾಕುವುದು.

ಮಹ್ರೂಫ್‌ನ ಫೋನ್ ಬರುತ್ತಾ ಉಂಟು. ಬರಲಿ. ಮೊದಲು ಸೈನ್, ಆಮೇಲೆ ಫೋನ್.