ಕೊಟ್ಟಿಗೆ ಬಾಗಿಲಿನ ಸಾಕ್ಷಿ

ಕರಂಬಿ ಕಣಿವೆ, ನ್ಯೂ ಸೌತ್ ವೇಲ್ಸ್
20 ಸೆಪ್ಟೆಂಬರ್ 2019

ಪ್ರೀತಿಯ ತಮ್ಮ ಕ್ಲೈವ್,

ಸೊಂಟನೋವು ಹೇಗಿದೆ? ಸಮುದ್ರದ ಗಾಳಿಗೆ ಕಮ್ಮಿಯಾಗುತ್ತದೆ ಅಂತ ಹೋದವನು ನೀನು. ಆಗಿಲ್ಲದಿದ್ದರೆ ಸಂಕೋಚವಿಲ್ಲದೆ ಹೇಳು, ನಗುವುದಿಲ್ಲ. ನನ್ನ ಮಂಡಿ ಮಾತ್ರ ಹಟ ಹಿಡಿದು ಕೂತಿದೆ. ಅದಿರಲಿ, ಗೆದ್ದೆವು ಕಣೋ. ನಮ್ಮ ಗುಡ್ಡದ ಕಲ್ಲಿದ್ದಲು ಗಣಿಗೆ ಅನುಮತಿ ಇಲ್ಲ ಅಂತ ಆಯೋಗ ಮೊನ್ನೆ ತೀರ್ಪು ಕೊಟ್ಟಿತು.

ಹೇಗೆ ಗೆದ್ದೆವು ಅಂತ ಕೇಳಿದರೆ ನೀನು ನಂಬುವುದಿಲ್ಲ. ಬಾಗಿಲಿನಿಂದ. ತಿಂಗಳ ಮೊದಲ ಭಾನುವಾರ ಅಪ್ಪ ಕೊಳವೆಬಾವಿಗೆ ದಾರದ ತುದಿಯ ಗುಂಡು ಇಳಿಸಿ, ಪೈಪಿಗೆ ಕಿವಿ ಕೊಟ್ಟು, ಪುಳಕ್ ಅಂದ ಕೂಡಲೇ ಪೈಪಿನ ಬಾಯಿಯ ಮಟ್ಟಕ್ಕೆ ದಾರ ಹಿಡಿದು ಅಳೆದು, ಕೊಟ್ಟಿಗೆ ಬಾಗಿಲ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದರಲ್ಲ? ಅವರು ಹೋದ ಮೇಲೂ ನಾನು ಒಂದು ತಿಂಗಳೂ ಬಿಟ್ಟಿರಲಿಲ್ಲ. "ಅಕ್ಕ ಬೈಬಲ್ ಬಿಟ್ಟು ಬಾಗಿಲು ಓದ್ತಾಳೆ" ಅಂತ ಆಡಿಕೊಂಡವನು ನೀನೇ. ಗುಡ್ಡದಲ್ಲಿ ಕಲ್ಲಿದ್ದಲಿನ ಪದರದ ನೀರು ಎತ್ತಿದರೂ ಕೆಳಗಿನ ಹೊಲಗಳಿಗೆ ಏನೂ ಆಗದು ಅಂತ ಗಣಿ ಕಂಪನಿಯ ತಜ್ಞ ವಾದಿಸಿದ. ಅವರು ಗುಡ್ಡದಲ್ಲಿ ಪರೀಕ್ಷೆಗೆ ನೀರೆತ್ತಿದ ತಿಂಗಳುಗಳಲ್ಲೇ ನಮ್ಮ ಬಾವಿ ಇಳಿದದ್ದು ಬಾಗಿಲ ಮೇಲಿತ್ತು. ಹಾಗಾಗಿ ಕೀಲು ಬಿಚ್ಚಿ, ಬಾಗಿಲನ್ನೇ ಪಿಕಪ್ಪಿನಲ್ಲಿ ಹಾಕಿಕೊಂಡು ವಿಚಾರಣೆಗೆ ಹೋದೆವು. ಮೇವಿನ ಅಂಗಡಿಯ ಹಳೆಯ ಕ್ಯಾಲೆಂಡರ್ ಕೂಡ ಅದಕ್ಕೆ ಮೊಳೆ ಹೊಡೆದ ಹಾಗೇ ಇತ್ತು.

ತಜ್ಞ ಕನ್ನಡಕ ಏರಿಸಿ ಇಡೀ ಬಾಗಿಲು ಓದಿದ. 1998ರ ಮಾರ್ಚಿನಲ್ಲಿ ಬೆರಳಿಟ್ಟ. ಹನಿ ಮಳೆಯಿಲ್ಲದ ತಿಂಗಳು, ನೀರು ಮಾತ್ರ ಒಂದು ಗೇಣು ಮೇಲೆ ಬಂದಿದೆ. ಇಂಥ ಅಳತೆಯನ್ನು ನಂಬುವುದು ಹೇಗೆ ಅಂದ. ಅಪ್ಪನನ್ನೇ ಸುಳ್ಳುಗಾರ ಅಂದಂತಾಯಿತು. ಅಷ್ಟರಲ್ಲಿ ಆಯೋಗದ ಹೆಂಗಸು ಪಕ್ಕದ ಸಾಲು ನೋಡಲು ಕ್ಯಾಲೆಂಡರ್ ಎತ್ತಿದಳು. ಅದರಡಿ ನಿನ್ನ ಕಾಗೆಕಾಲು ಅಕ್ಷರ. ಅವಳೇ ಗಟ್ಟಿಯಾಗಿ ಓದಿದಳು: "ಟ್ರಾಕ್ಟರ್ ಹಿಂದಕ್ಕೆ ತಗೊಳ್ಳುವಾಗ ಬಾವಿ ಪೈಪಿಗೆ ಗುದ್ದಿಬಿಟ್ಟೆ. ಸೊಟ್ಟಗಾದ ಒಂದು ಗೇಣು ಕತ್ತರಿಸಿದೀನಿ. ಅಪ್ಪಂಗೆ ಗೊತ್ತು. ಅಕ್ಕಂಗೆ ಹೇಳಬೇಡಿ. ಕ್ಲೈವ್, ಮಾರ್ಚ್ 98."

ಪೈಪು ಒಂದು ಗೇಣು ಮೊಟಕು, ಅಳತೆಯೂ ಒಂದು ಗೇಣು ಕಮ್ಮಿ. ಇಡೀ ಸಭೆ ನಕ್ಕಿತು. ತಜ್ಞ ಕೂತುಬಿಟ್ಟ. ನಾನು ನಗುತ್ತಾ ಅತ್ತೆ. ಆಗಿನ ಹೊಸ ಟ್ರಾಕ್ಟರಿನ ಹಿಂದಿನ ದೀಪ ಕಲ್ಲಿಗೆ ತಾಗಿ ಒಡೆಯಿತು ಅಂತ ಇಪ್ಪತ್ತೊಂದು ವರ್ಷ ನಂಬಿಸಿದ್ದೀಯಲ್ಲ, ಬಾ, ಕಿವಿ ಹಿಂಡುತ್ತೇನೆ. ಆ ಬಾಗಿಲನ್ನು ತಳ್ಳಿಹಾಕಲು ಕಾರಣವಿಲ್ಲ ಅಂತ ತೀರ್ಪಿನಲ್ಲೇ ಬರೆದಿದ್ದಾರೆ. ತೀರ್ಪು ಬಂದ ಸಂಜೆ ಊರವರೆಲ್ಲ ಲೂಸರ್ನ್ ಮೇವಿನ ಹೊಲದ ಅಂಚಿನಲ್ಲಿ ಕುರಿಮಾಂಸ ಸುಟ್ಟು, ಬಿಯರ್ ಎತ್ತಿ, ನಿನ್ನ ಹೆಸರು ಹೇಳಿಯೇ ಕುಡಿದರು.

ನಾದಿನಿ ಗ್ವೆಂಡಾಗೆ ನನ್ನ ಮುತ್ತು ಕೊಡು. ಇಬ್ಬರೂ ನೂರು ಕಾಲ ಚೆನ್ನಾಗಿರಿ.

ನಿನ್ನ ಅಕ್ಕ,
ನೊರೀನ್

ಅಂಚೆಯವಳು ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದ್ದಾಳೆ, ಇದೊಂದು ಮರೆತಿದ್ದೆ: ಕಂಪನಿ ಕೊಂಡ ಜಮೀನುಗಳನ್ನೆಲ್ಲ ಬಿಟ್ಟುಕೊಡುತ್ತಿದೆಯಂತೆ, ನೀನು ಅವರಿಗೆ ಮಾರಿದ್ದೂ ಸೇರಿ. ಅವತ್ತು ನಿನ್ನನ್ನು ದ್ರೋಹಿ ಅಂದಿದ್ದೆ. ತಪ್ಪಾಯಿತು, ಕ್ಲೈವ್. ಬಾಗಿಲನ್ನು ಮತ್ತೆ ಕೂರಿಸಿದ್ದೇನೆ. ಈ ತಿಂಗಳ ಅಳತೆ ಮಾತ್ರ ಬರೆದಿಲ್ಲ. ಮಂಡಿ ಬಗ್ಗುವುದಿಲ್ಲ, ಪೈಪಿಗೆ ಕಿವಿ ಕೊಡಲಾಗುವುದಿಲ್ಲ. ಗುಂಡು, ದಾರ ಅಪ್ಪ ನೇತುಹಾಕುತ್ತಿದ್ದ ಅದೇ ಮೊಳೆಯಲ್ಲಿವೆ. ಬರುವ ತಿಂಗಳ ಮೊದಲ ಭಾನುವಾರಕ್ಕೆ ಬಾ.